ಸಾಲು ಎರಡಾದಾಗ: ಮೂವತ್ತೊಂಬತ್ತರಲ್ಲಿ ನಾನು ಪಡೆದ ದೃಷ್ಟಿ ಚಿಕಿತ್ಸೆ

ನಾನು ಮೈಸೂರಿನಲ್ಲಿ ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಒಂದು ಪ್ರವಾಸ ಕಥನದ ಎರಡನೇ ಕರಡಿನಲ್ಲಿ ‘ವಿಸ್ತೀರ್ಣ’ ಎಂಬ ಪದದ ಅರ್ಕಾವತ್ತು ಎರಡು ಸಲ ಅಚ್ಚಾಗಿದೆ ಎಂದು ಗುರುತು ಹಾಕಿ ಕಳುಹಿಸಿದೆ. ಅಕ್ಷರ ಜೋಡಿಸುವ ಹುಡುಗ ಫೋನ್ ಮಾಡಿ, “ಮೇಡಂ, ಅಲ್ಲಿ ಇರೋದೇ ಒಂದು, ಯಾವುದನ್ನ ತೆಗೀಲಿ?” ಎಂದು ಕೇಳಿದ. ಪುಟವನ್ನು ಮತ್ತೆ ತೆಗೆದು ನೋಡಿದೆ. ಒಂದೇ ಇತ್ತು. ಐದು ನಿಮಿಷ ದಿಟ್ಟಿಸಿದ ಮೇಲೆ ಅದು ಮೆಲ್ಲಗೆ ಬದಿಗೆ ಜರುಗಿ ಎರಡಾಯಿತು, ಅದರ ಜೊತೆಗೆ ಇಡೀ ಸಾಲೂ ಎರಡಾಯಿತು.

ಲಕ್ಷಣಗಳು ಅದಕ್ಕೂ ಮೊದಲೇ ಇದ್ದವು. ಅವು ಲಕ್ಷಣಗಳೆಂಬುದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಹುಬ್ಬಿನ ಮೇಲೆ ಬಿಗಿದುಕೊಳ್ಳುವ ತಲೆನೋವು, ಓದಿದ ಸಾಲನ್ನೇ ಮತ್ತೆ ಓದುವುದು, ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಬರುವಾಗ ನಡುವಿನದೊಂದನ್ನು ದಾಟಿಬಿಡುವುದು, ಹತ್ತು ಪುಟ ಮುಗಿಯುವಷ್ಟರಲ್ಲಿ ಬರುವ ನಿದ್ದೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುವುದು ಕರಡು ತಿದ್ದುವವರಿಗೆ ಇರಬೇಕಾದ ಶಿಸ್ತು ಎಂದು ಹೊಸಬರಿಗೂ ಹೇಳಿಕೊಡುತ್ತಿದ್ದೆ. ಎಡಗೈಯನ್ನು ಹಣೆಗೆ ಆನಿಸಿ, ಅಂಗೈಯಿಂದ ಎಡಗಣ್ಣನ್ನು ಅರ್ಧ ಮುಚ್ಚಿಕೊಂಡು ಓದುವ ನನ್ನ ಭಂಗಿಯನ್ನು ಮಗಳು ಅಣಕಿಸಿ ತೋರಿಸುತ್ತಿದ್ದಳು. ಆಮೇಲೆ ಪರೀಕ್ಷೆ ಮಾಡಿದವರು ನನ್ನನ್ನು ಮೊದಲು ಕೇಳಿದ್ದೂ ಇದನ್ನೇ: ಓದುವಾಗ ಒಂದು ಕಣ್ಣನ್ನು ಮುಚ್ಚಿಕೊಳ್ಳುತ್ತೀರಾ?

ಹದಿನಾಲ್ಕು ತಿಂಗಳ ಬಳಿಕ, ಕಳೆದ ವಾರ ಮರುತಪಾಸಣೆ ಮುಗಿಸಿ ಬಂದಿದ್ದೇನೆ. ವಯಸ್ಕರಿಗೆ ಎರಡು ಕಣ್ಣುಗಳ ಹೊಂದಾಣಿಕೆಯ ಇಂತಹ ತೊಂದರೆ ಬಂದಾಗ ಯಾರ ಬಳಿ ಹೋಗಬೇಕು, ಏನು ಕೇಳಬೇಕು, ಎಷ್ಟು ಖರ್ಚಾಗುತ್ತದೆ ಎಂಬುದು ತಿಳಿಯದೆ ನಾನು ಕಳೆದ ಏಳು ತಿಂಗಳನ್ನು ಇನ್ನೊಬ್ಬರಾದರೂ ಉಳಿಸಿಕೊಳ್ಳಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಕನ್ನಡಕದ ಅಂಗಡಿಗೆ. ಯಂತ್ರದ ಮುಂದೆ ಗಲ್ಲ ಇಡಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ, ಎರಡೂ ಕಣ್ಣು 6/6 ಇದೆ, ಕಂಪ್ಯೂಟರ್ ನೋಡುವುದರಿಂದ ಆಯಾಸವಾಗಿದೆ ಎಂದು ನೀಲಿ ಬೆಳಕು ತಡೆಯುವ ಕನ್ನಡಕವನ್ನು 2,800 ರೂಪಾಯಿಗೆ ಕೊಟ್ಟರು. ನಾನು ಕೆಲಸ ಮಾಡುವುದು ಬಹುಪಾಲು ಕಾಗದದ ಮೇಲೆ ಎಂದು ಹೇಳುವಷ್ಟರಲ್ಲಿ ಬಿಲ್ ಆಗಿತ್ತು. ಆಮೇಲೆ ಒಬ್ಬ ನೇತ್ರತಜ್ಞರು ಪರೀಕ್ಷಿಸಿ, “ಕಣ್ಣು ಚೆನ್ನಾಗಿದೆ ಕಣಮ್ಮ, ನಂಬರೇ ಇಲ್ಲ” ಎಂದು ಒಣಕಣ್ಣಿಗೆ ಹನಿಮದ್ದು ಬರೆದರು. ಹನಿಯಿಂದ ಉರಿ ಕಡಿಮೆಯಾಯಿತು, ಸಾಲು ಎರಡಾಗುವುದು ನಿಲ್ಲಲಿಲ್ಲ. ನಮ್ಮ ಮನೆಯ ವೈದ್ಯರು ಮೈಗ್ರೇನ್ ಇರಬಹುದೆಂದು ಎರಡು ತಿಂಗಳು ಮಾತ್ರೆ ಕೊಟ್ಟರು. ಇವರ್ಯಾರನ್ನೂ ನಾನು ದೂರುತ್ತಿಲ್ಲ. 6/6 ಎಂದರೆ ಆರು ಮೀಟರ್ ದೂರದಲ್ಲಿ ಆ ಕಣ್ಣು ಅಕ್ಷರವನ್ನು ಸ್ಪಷ್ಟವಾಗಿ ಕಾಣುತ್ತದೆ ಎಂದಷ್ಟೇ ಅರ್ಥ. ಎರಡು ಕಣ್ಣುಗಳು ನಲವತ್ತು ಸೆಂಟಿಮೀಟರ್ ಹತ್ತಿರದ ಪುಟದ ಮೇಲೆ ಒಟ್ಟಿಗೆ ಕೂಡಿ, ಗಂಟೆಗಟ್ಟಲೆ ಹಾಗೆಯೇ ನಿಲ್ಲಬಲ್ಲವೇ ಎಂಬುದನ್ನು ಆ ಪರೀಕ್ಷೆ ಕೇಳುವುದೇ ಇಲ್ಲ. ನಾನೂ ಯಾರ ಬಳಿಯೂ ‘ಎರಡಾಗಿ ಕಾಣುತ್ತದೆ’ ಎಂದು ನೇರವಾಗಿ ಹೇಳಿರಲಿಲ್ಲ. ‘ಮಂಜಾಗುತ್ತದೆ’, ‘ಕಣ್ಣು ಸೋಲುತ್ತದೆ’ ಎನ್ನುತ್ತಿದ್ದೆ. ಮಂಜಾಗುವುದಕ್ಕೂ ಎರಡಾಗುವುದಕ್ಕೂ ವೈದ್ಯರ ದೃಷ್ಟಿಯಲ್ಲಿ ಅಜಗಜಾಂತರವಿದೆ.

ಅಕ್ಟೋಬರ್‌ನಲ್ಲಿ ನರರೋಗ ತಜ್ಞರ ಬಳಿ ಹೋದಾಗ ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಎದುರಾಯಿತು. “ಎರಡಾಗಿ ಕಂಡಾಗ ಒಂದು ಕಣ್ಣು ಮುಚ್ಚಿದರೆ ಒಂದಾಗುತ್ತಾ?” ಆಗುತ್ತದೆ ಎಂದೆ. “ಯಾವ ಕಣ್ಣು ಮುಚ್ಚಿದರೂ?” ಹೌದು. ಒಂದು ಕಣ್ಣು ಮುಚ್ಚಿದ ಮೇಲೂ ಎರಡಾಗಿಯೇ ಕಂಡರೆ ಕಾರಣ ಸಾಮಾನ್ಯವಾಗಿ ಆ ಕಣ್ಣಿನೊಳಗೇ ಇರುತ್ತದೆ: ಕನ್ನಡಕದ ನಂಬರು, ಪೊರೆ, ಒಣಗಿದ ಕಣ್ಣಿನ ಮೇಲ್ಮೈ. ಮುಚ್ಚಿದ ಕೂಡಲೇ ಒಂದಾದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬೇಕು. ಈ ಪರೀಕ್ಷೆಗೆ ಅಂಗೈ ಒಂದಿದ್ದರೆ ಸಾಕು, ಮನೆಯಲ್ಲೇ ಮಾಡಿಕೊಳ್ಳಬಹುದು. ವೈದ್ಯರಲ್ಲಿಗೆ ಹೋಗುವ ಮೊದಲು ಮಾಡಿ, ಉತ್ತರವನ್ನು ಬರೆದುಕೊಂಡು ಹೋಗಿ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನನ್ನದು ವರ್ಷಗಳಿಂದ ಮೆಲ್ಲಗೆ ಬೆಳೆದ, ಹತ್ತಿರದ್ದನ್ನು ನೋಡುವಾಗ ಮಾತ್ರ ಬರುವ ತೊಂದರೆಯಾಗಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಎರಡಾಗಿ ಕಾಣತೊಡಗಿದರೆ, ಜೊತೆಗೆ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಸಹಿಸಲಾಗದ ತಲೆನೋವು ಬಂದರೆ ಅದು ಕಣ್ಣಿನ ವ್ಯಾಯಾಮದಿಂದ ಸರಿಹೋಗುವ ವಿಷಯವಲ್ಲ. ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ನನ್ನ ವೈದ್ಯರೂ ಮಿದುಳಿನ ಎಂಆರ್‌ಐ, ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದಿನ ಮಾತು ಆಡಿದರು. ಎಂಆರ್‌ಐಗೆ 7,000 ರೂಪಾಯಿ ಕೊಟ್ಟಾಗ ಹೊಟ್ಟೆ ಉರಿದದ್ದು ನಿಜ, ವರದಿ ಬರುವವರೆಗಿನ ಎರಡು ರಾತ್ರಿ ನಿದ್ದೆ ಬಾರದ್ದೂ ನಿಜ. ಎಲ್ಲವೂ ಸರಿಯಿದೆ ಎಂದು ತಿಳಿದ ಮೇಲೆ ಅವರು ಚೀಟಿಯ ಮೇಲೆ ‘ಬೈನಾಕ್ಯುಲರ್ ವಿಷನ್ ಅಸೆಸ್‌ಮೆಂಟ್’ ಎಂದು, ಎಂದರೆ ಎರಡೂ ಕಣ್ಣು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬ ಪರೀಕ್ಷೆ ಎಂದು, ಬರೆದು, ಬೆಂಗಳೂರಿಗೆ ಹೋಗಿ ಎಂದರು.

ಆ ಮೂರು ಪದಗಳೇ ಬೀಗದ ಕೈ. ಕಣ್ಣಾಸ್ಪತ್ರೆಗೆ ಫೋನ್ ಮಾಡಿ ‘ಕಣ್ಣಿನ ಪರೀಕ್ಷೆ’ ಎಂದರೆ ಸಾಮಾನ್ಯ ಪರೀಕ್ಷೆಯ ದಿನವನ್ನೇ ಕೊಡುತ್ತಾರೆ. ನಿಮ್ಮಲ್ಲಿ ಬೈನಾಕ್ಯುಲರ್ ವಿಷನ್ ಕ್ಲಿನಿಕ್ ಇದೆಯೇ, ವಯಸ್ಕರನ್ನು ನೋಡುತ್ತೀರಾ, ಚಿಕಿತ್ಸೆಯೂ ಅಲ್ಲೇ ನಡೆಯುತ್ತದೆಯೇ ಎಂದು ಬಿಡಿಸಿ ಕೇಳಬೇಕು. ನಾನು ಕೇಳಿದ ಒಂದೆಡೆ ಈ ವಿಭಾಗ ಮಕ್ಕಳಿಗೆ ಮಾತ್ರ ಎಂದರು. ಇನ್ನೊಂದೆಡೆ ಪರೀಕ್ಷೆ ಮಾಡುತ್ತೇವೆ, ಚಿಕಿತ್ಸೆಗೆ ಜನವಿಲ್ಲ ಎಂದರು. ಮೂರನೆಯ ಕಡೆ ಐದು ವಾರಗಳ ನಂತರದ ದಿನ ಸಿಕ್ಕಿತು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಹಳೆಯ ಚೀಟಿಗಳು, ಎಂಆರ್‌ಐ ವರದಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಆ ನೀಲಿ ಕನ್ನಡಕ, ಆಧಾರ್ ಎಲ್ಲವೂ ಒಂದು ಕಡತದಲ್ಲಿದ್ದವು. ನೋಂದಣಿ ಮುಗಿಸಿ ಸಾಲಿನಲ್ಲಿ ಕುಳಿತಿದ್ದಾಗ ಸಿಬ್ಬಂದಿಯೊಬ್ಬರು ಬಂದು, ಹೊಸ ರೋಗಿಗಳಿಗೆಲ್ಲ ಹಾಕುವಂತೆ, ನನ್ನ ಕಣ್ಣಿಗೂ ಹನಿ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡಿರಲು ಹೇಳಿದರು. ನಾನೂ ವಿಧೇಯಳಾಗಿ ಮುಚ್ಚಿಕೊಂಡೆ. ಒಳಗೆ ಕರೆದಾಗ ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸುವ ತಜ್ಞರು) ನನ್ನ ಪಾಪೆಗೆ ಟಾರ್ಚ್ ಬಿಟ್ಟವರೇ ನಿಟ್ಟುಸಿರಿಟ್ಟರು. ಪಾಪೆ ಅಗಲವಾಗಿಸುವ ಆ ಹನಿ ಹತ್ತಿರದ್ದನ್ನು ಸ್ಪಷ್ಟವಾಗಿ ಕಾಣಿಸುವ ಕಣ್ಣಿನ ಸ್ನಾಯುವನ್ನೂ ತಾತ್ಕಾಲಿಕವಾಗಿ ಸಡಿಲಗೊಳಿಸುತ್ತದೆ. ಆ ಸ್ಥಿತಿಯಲ್ಲಿ ಕಣ್ಣುಗಳ ಹೊಂದಾಣಿಕೆಯನ್ನು ಅಳೆದರೆ ಬರುವ ಲೆಕ್ಕಕ್ಕೆ ಅರ್ಥವಿಲ್ಲ. ಅಂದಿನ ಪರೀಕ್ಷೆ ರದ್ದಾಯಿತು. ಮುಂದಿನ ದಿನಾಂಕ ಜನವರಿ ಎರಡನೇ ವಾರಕ್ಕೆ ಸಿಕ್ಕಿತು. ಮಂಜುಮಂಜಾದ ಕಣ್ಣಿನಲ್ಲಿ ಮೆಜೆಸ್ಟಿಕ್‌ನ ಬಿಸಿಲಿನ ನಡುವೆ ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ಓದಲಾಗದೆ ನಿಂತ ಆ ಮಧ್ಯಾಹ್ನ ನನಗೆ ಅಳು ಬಂದಿತ್ತು. ಈ ಪರೀಕ್ಷೆಗೆ ಹೋಗುವವರು ಹನಿಯ ಬಾಟಲಿ ಹತ್ತಿರ ಬರುವ ಮೊದಲೇ ‘ನನಗೆ ಬೈನಾಕ್ಯುಲರ್ ಪರೀಕ್ಷೆ ಇದೆ, ಅದಾದ ಮೇಲೆ ಹನಿ ಹಾಕಿ’ ಎಂದು ಬಾಯಿಬಿಟ್ಟು ಹೇಳಬೇಕು. ಸಂಕೋಚಪಟ್ಟರೆ ಒಂದು ತಿಂಗಳು ಹೋಗುತ್ತದೆ.

ಜನವರಿಯ ಪರೀಕ್ಷೆ ಒಂದೂವರೆ ಗಂಟೆ ನಡೆಯಿತು. ಶುಲ್ಕ 2,000 ರೂಪಾಯಿ. ಮೊದಲು ಹದಿನೈದು ಪ್ರಶ್ನೆಗಳ ಒಂದು ಹಾಳೆ: ಓದುವಾಗ ಕಣ್ಣು ಸೋಲುತ್ತದೆಯೇ, ಅಕ್ಷರಗಳು ಅಲುಗಾಡಿದಂತೆ, ತೇಲಿದಂತೆ ಕಾಣುತ್ತವೆಯೇ, ನಿದ್ದೆ ಬರುತ್ತದೆಯೇ, ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲವೇ ಎಂದು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 60. ವಯಸ್ಕರಲ್ಲಿ 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಬೇಕಾದದ್ದು. ನನಗೆ 36 ಬಂತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದು ಕಣ್ಣು ತುಂಬಿದ್ದು ಅದೇ ಮೊದಲು.

ಆಮೇಲೆ ಸ್ಕೇಲಿನಂತಹ ಒಂದು ಪಟ್ಟಿಯನ್ನು ಕೆನ್ನೆಗೆ ಆನಿಸಿ, ಅದರ ಮೇಲೆ ಜಾರುವ ಸಣ್ಣ ಗುರುತನ್ನು ಮೂಗಿನತ್ತ ತರುತ್ತಾ, ಎರಡಾದ ಕೂಡಲೇ ಹೇಳಿ ಎಂದರು. ಆರು ಸೆಂಟಿಮೀಟರಿನಷ್ಟು ಹತ್ತಿರ ಬರುವವರೆಗೆ ಒಂದಾಗಿಯೇ ಕಾಣಬೇಕು. ನನಗೆ 19ರಲ್ಲಿ ಎರಡಾಯಿತು. ಮತ್ತೆ ಮತ್ತೆ ಮಾಡಿಸಿದಾಗ 23ಕ್ಕೆ ಹಿಂದೆ ಸರಿಯಿತು. ಆಯಾಸವಾದಂತೆ ಕೆಡುತ್ತದೆ ಎಂಬುದಕ್ಕೆ ಅದೇ ಸಾಕ್ಷಿಯಂತೆ. ಒಂದು ಕಣ್ಣನ್ನು ಮುಚ್ಚಿ ತೆರೆದು, ಮುಚ್ಚಿದ ಕಣ್ಣು ಎತ್ತ ಜರುಗುತ್ತದೆ ಎಂದು ನೋಡಿದರು: ದೂರ ನೋಡುವಾಗ ಹೆಚ್ಚೇನೂ ಇಲ್ಲ, ಹತ್ತಿರ ನೋಡುವಾಗ, ಈ ಜರುಗುವಿಕೆಯನ್ನು ಅಳೆಯುವ ಮಾನದಲ್ಲಿ 12 ಪ್ರಿಸಂ ಡಯಾಪ್ಟರ್‌ನಷ್ಟು ಹೊರಕ್ಕೆ. ಕೊನೆಗೆ, ಬೆಳಕನ್ನು ಬಾಗಿಸುವ ಪ್ರಿಸಂಗಳನ್ನು ಒಂದರ ಮೇಲೊಂದು ಜೋಡಿಸಿದ ಪಟ್ಟಿಯನ್ನು ಕಣ್ಣ ಮುಂದೆ ಇಳಿಸುತ್ತಾ, ಎಷ್ಟರವರೆಗೆ ಕಣ್ಣುಗಳು ಒಳಕ್ಕೆ ಕೂಡಿ ಒಂದಾಗಿಸಿಕೊಳ್ಳಬಲ್ಲವು ಎಂದು ಅಳೆದರು. 11ಕ್ಕೆ ಕೈಚೆಲ್ಲಿದವು.

ಆಪ್ಟೊಮೆಟ್ರಿಸ್ಟ್ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ಹಾಸನದ ಕಡೆಯವರು. ಈ ಲೆಕ್ಕಗಳನ್ನು ಹಾಳೆಯ ಹಿಂದೆ ಬರೆದು ಹೇಳಿದರು: “ನಿಮ್ಮ ಕಣ್ಣು ಹೊರಗೆ ಜರುಗೋದನ್ನ ಸಾಲ ಅಂದ್ಕೊಳ್ಳಿ ಮೇಡಂ, 12. ಅದನ್ನ ಆರಾಮಾಗಿ ನಿಭಾಯಿಸ್ಬೇಕು ಅಂದ್ರೆ ಕೈಯಲ್ಲಿ ಅದರ ಎರಡು ಪಟ್ಟು, 24 ಇರ್ಬೇಕು. ನಿಮ್ಮ ಹತ್ರ ಇರೋದು 11. ದಿನಾ ಸಾಲ ತೀರ್ಸೋಕೇ ದುಡೀತಿದೀರ, ಓದೋಕೆ ಉಳಿಯೋದೇನು?” ಈ ಸ್ಥಿತಿಯ ಹೆಸರು ಕನ್ವರ್ಜೆನ್ಸ್ ಇನ್‌ಸಫಿಷಿಯೆನ್ಸಿ, ಹತ್ತಿರ ನೋಡುವಾಗ ಎರಡೂ ಕಣ್ಣು ಒಳಮುಖವಾಗಿ ಕೂಡಬೇಕಾದ ಶಕ್ತಿಯ ಕೊರತೆ. ಇದು ಮೆಳ್ಳೆಗಣ್ಣಲ್ಲ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆಳ ಗುರುತಿಸುವ ಪರೀಕ್ಷೆಯಲ್ಲಿ ವಿಶೇಷ ಕನ್ನಡಕ ಹಾಕಿಸಿ ಚಿತ್ರದಲ್ಲಿದ್ದ ನೊಣದ ರೆಕ್ಕೆ ಹಿಡಿಯಲು ಹೇಳಿದಾಗ ನನ್ನ ಬೆರಳು ಪುಟದಿಂದ ಮೇಲೆ, ಗಾಳಿಯಲ್ಲೇ ಅದನ್ನು ಹಿಡಿಯಲು ಹೋಯಿತು, ಎಂದರೆ ಆ ಸಾಮರ್ಥ್ಯ ಕೆಟ್ಟಿರಲಿಲ್ಲ. ಬಾಲ್ಯದ ಮೆಳ್ಳೆಗಣ್ಣಿನಿಂದ ಆಳವನ್ನೇ ಕಾಣದೆ ಬೆಳೆದು, 48ನೇ ವಯಸ್ಸಿನಲ್ಲಿ ಚಿಕಿತ್ಸೆಯಿಂದ ಅದನ್ನು ಪಡೆದ ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರ ವಿಷಯವನ್ನು ಕೆಲವರು ನನಗೂ ಹೇಳಿ ಹುರಿದುಂಬಿಸಿದರು. ಅವರದು ಬೇರೆ, ಬಹಳ ದೊಡ್ಡ ಕಥೆ. ನನ್ನದು ಇದ್ದ ಶಕ್ತಿಯನ್ನು ಗಟ್ಟಿ ಮಾಡಿಕೊಳ್ಳುವ ಸಣ್ಣ ಕೆಲಸ.

ರೈಲಿನಲ್ಲಿ ವಾಪಸು ಬರುವಾಗ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಪಿಯುಸಿಯಲ್ಲಿ ಪುಸ್ತಕದ ಮೇಲೆ ತೂಕಡಿಸುತ್ತಿದ್ದವಳನ್ನು ಅಪ್ಪ ‘ಸೋಮಾರಿ’ ಎಂದು ಕರೆದದ್ದು, ನಾನೂ ಅದನ್ನು ನಂಬಿದ್ದು ನೆನಪಾಯಿತು. ತಮಿಳುನಾಡಿನ ಶಾಲಾ ಮಕ್ಕಳಲ್ಲಿ ನಡೆಸಿದ ಒಂದು ಅಧ್ಯಯನದಲ್ಲಿ, ಮೆಳ್ಳೆಗಣ್ಣಿಲ್ಲದೆಯೂ ಕಣ್ಣುಗಳ ಹೊಂದಾಣಿಕೆಯ ಯಾವುದಾದರೊಂದು ದೋಷವಿದ್ದವರು ಸುಮಾರು ಶೇ. 30ರಷ್ಟು ಎಂದು ಆಮೇಲೆ ಓದಿದೆ. ಆ ವಾರವೇ ಮಗಳನ್ನೂ ಪರೀಕ್ಷೆಗೆ ಬರೆಸಿದೆ. ಅವಳಿಗೆ ಏನೂ ಇರಲಿಲ್ಲ.

ಮುಂದೆ ಮೂರು ದಾರಿಗಳಿದ್ದವು. ಪ್ರಿಸಂ ಕೂಡಿಸಿದ ಓದುವ ಕನ್ನಡಕ ಹಾಕಿಕೊಂಡು ಕಣ್ಣಿನ ಹೊರೆಯನ್ನು ಗಾಜಿಗೆ ವಹಿಸುವುದು. ಮನೆಯಲ್ಲಿ ಪೆನ್ಸಿಲನ್ನು ಮೂಗಿನತ್ತ ತರುವ ವ್ಯಾಯಾಮ ಮಾತ್ರ ಮಾಡುವುದು. ಇಲ್ಲವೇ ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬಂದು, ಕಣ್ಣುಗಳಿಗೆ ಅಭ್ಯಾಸ ಮಾಡಿಸುವ ದೃಷ್ಟಿ ಚಿಕಿತ್ಸೆ ಪಡೆಯುತ್ತಾ ಮನೆಯಲ್ಲೂ ದಿನವೂ ಅಭ್ಯಾಸ ಮಾಡುವುದು. ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹನ್ನೆರಡು ವಾರಗಳ ಬಳಿಕ ಮೂರನೆಯ ದಾರಿಯಲ್ಲಿ ಶೇ. 73 ಮಂದಿ ಗುಣವಾಗಿದ್ದರು ಅಥವಾ ಸುಧಾರಿಸಿದ್ದರು. ಮನೆಯಲ್ಲಿ ಪೆನ್ಸಿಲ್ ವ್ಯಾಯಾಮ ಮಾಡಿದವರಲ್ಲಿ ಶೇ. 43, ಚಿಕಿತ್ಸೆಯಂತೆ ತೋರುವ ಹುಸಿ ಅಭ್ಯಾಸ ಮಾಡಿದವರಲ್ಲೂ ಶೇ. 35. ಈ ಕೊನೆಯ ಸಂಖ್ಯೆಯನ್ನು ನನಗೆ ಮೊದಲು ತೋರಿಸಿದವರು ಆ ಆಪ್ಟೊಮೆಟ್ರಿಸ್ಟೇ. ವಯಸ್ಕರ ಮೇಲಿನ ಪುರಾವೆ ಇಷ್ಟು ಗಟ್ಟಿಯಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ: 19ರಿಂದ 30 ವರ್ಷದ 46 ಜನರ ಮೇಲಿನ 2005ರ ಸಣ್ಣ ಪ್ರಯೋಗದಲ್ಲಿ ಅಳತೆಗಳು ಸುಧಾರಿಸಿದ್ದವು. ನನಗೆ ಆಗ ಮೂವತ್ತೊಂಬತ್ತು.

ಇದನ್ನೇಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆಂದರೆ, ದೃಷ್ಟಿ ಚಿಕಿತ್ಸೆಯ ಹೆಸರಿನಲ್ಲಿ ಕನ್ನಡಕ ಬಿಡಿಸುತ್ತೇವೆ, ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವಲ್ಲಿನ ತೊಂದರೆ) ಗುಣಪಡಿಸುತ್ತೇವೆ, ಮಗುವಿನ ಅಂಕ ಹೆಚ್ಚಿಸುತ್ತೇವೆ ಎನ್ನುವವರೂ ಇದ್ದಾರೆ. 2019ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪ್ರಯೋಗದಲ್ಲಿ ಇದೇ ತೊಂದರೆಯ ಮಕ್ಕಳಿಗೆ ಇದೇ ಚಿಕಿತ್ಸೆ ಕೊಟ್ಟಾಗ, ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಹುಸಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚೇನೂ ಬೆಳೆಯಲಿಲ್ಲ. ಪರೀಕ್ಷೆಯ ಅಳತೆಗಳನ್ನು ಬರೆದುಕೊಡದೆ ಐವತ್ತು ಸೆಷನ್ನುಗಳ ಹಣವನ್ನು ಮುಂಗಡ ಕೇಳುವ ಕಡೆಯಿಂದ ಎದ್ದು ಬರುವುದು ಒಳ್ಳೆಯದು. ನನ್ನ ಕ್ಲಿನಿಕ್ಕಿನಲ್ಲಿ ಪ್ರತಿ ಸೆಷನ್ನಿಗೆ 900 ರೂಪಾಯಿ, ಆಯಾ ದಿನವೇ ಪಾವತಿ, ಎಂಟನೆಯದರ ಬಳಿಕ ಮತ್ತೆ ಅಳತೆ, ಸುಧಾರಣೆಯಿಲ್ಲದಿದ್ದರೆ ನಿಲ್ಲಿಸುವುದು ಎಂದು ಒಪ್ಪಂದವಾಯಿತು. ಆರೋಗ್ಯ ವಿಮೆಯವರು, ಆಸ್ಪತ್ರೆಯಲ್ಲಿ ದಾಖಲಾಗದ ಹೊರರೋಗಿ ಚಿಕಿತ್ಸೆ ಪಾಲಿಸಿಯಲ್ಲಿ ಸೇರಿಲ್ಲ ಎಂದು ಎರಡು ಸಾಲಿನ ಉತ್ತರ ಕೊಟ್ಟರು. ನಿಮ್ಮ ಪಾಲಿಸಿಯಲ್ಲಿ ಒಪಿಡಿ ಸೌಲಭ್ಯವಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ ಸೆಷನ್ನಿನಲ್ಲಿ ಕೈಗೆ ಕೊಟ್ಟದ್ದು ಒಂದು ದಾರ. ಬಿಳಿ ದಾರದಲ್ಲಿ ಕೆಂಪು, ಹಳದಿ, ಹಸಿರು ಮಣಿಗಳು. ಬ್ರಾಕ್ ಸ್ಟ್ರಿಂಗ್ ಎಂದು ಹೆಸರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಹಿಡಿದು, ನಡುವಿನ ಮಣಿಯನ್ನು ನೋಡಬೇಕು. ಎರಡು ಕಣ್ಣೂ ಕೆಲಸ ಮಾಡುತ್ತಿದ್ದರೆ ದಾರ ಒಂದಿದ್ದರೂ ಎರಡಾಗಿ ಕಾಣುತ್ತದೆ, ಆ ಎರಡೂ ಸರಿಯಾಗಿ ಮಣಿಯ ಮೇಲೆ ಕತ್ತರಿಯಂತೆ ಅಡ್ಡಹಾಯುತ್ತವೆ. ಆಗ ಮಣಿ ಒಂದು, ಉಳಿದ ಮಣಿಗಳು ಎರಡೆರಡು. ಎರಡಾಗಿ ಕಾಣುವ ಕಾಯಿಲೆಗೆ ಬಂದವಳಿಗೆ ‘ದಾರ ಎರಡಾಗಿ ಕಾಣಬೇಕು’ ಎಂದರೆ ಹೇಗಾಗಬೇಡ! ನನಗೆ ಕತ್ತರಿ ಮಣಿಯ ಮೇಲೆ ಬೀಳದೆ ಅದರಾಚೆ ಬೀಳುತ್ತಿತ್ತು, ಎಂದರೆ ನನ್ನ ಕಣ್ಣುಗಳು ನೋಡಬೇಕಾದದ್ದರ ಹಿಂದೆಲ್ಲೋ ನೋಡುತ್ತಿದ್ದವು. ಮಣಿಯನ್ನು ಇನ್ನೂ ಹತ್ತಿರ ತಂದಾಗ ಎಡಗಡೆಯ ದಾರ ಮಾಯವೇ ಆಯಿತು. ಸೋತ ಮಿದುಳು ಒಂದು ಕಣ್ಣಿನ ಚಿತ್ರವನ್ನು ಅದುಮಿಬಿಡುತ್ತದಂತೆ. ರೆಪ್ಪೆ ಬಡಿದರೆ ದಾರ ಮರಳಿ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷದ ಅಭ್ಯಾಸ. ದಾರ, ಮೂರು ಗಾತ್ರದ ಪೀಪಾಯಿಗಳ ಚಿತ್ರವಿರುವ ಕಾರ್ಡ್, ಎರಡು ಕಡೆ ಮಸೂರಗಳಿರುವ ತಿರುಗಿಸುವ ಹಿಡಿಕೆ, ಕೆಂಪು ಹಸಿರು ಕನ್ನಡಕ: ಎಲ್ಲ ಸೇರಿ 2,500 ರೂಪಾಯಿ. ದಾರ ಮತ್ತು ಮಣಿ ದೇವರಾಜ ಮಾರುಕಟ್ಟೆಯ ಬಳಿ ಮೂವತ್ತು ರೂಪಾಯಿಗೆ ಸಿಗುತ್ತವೆ ಎಂದು ಆಮೇಲೆ ಹೊಳೆಯಿತು. ಬೆಳಿಗ್ಗೆ ಕಿಟಕಿಗೆ ಕಟ್ಟಿದ ದಾರವನ್ನು ಮೂಗಿಗೆ ಹಿಡಿದು ನಿಂತದ್ದನ್ನು ಕಂಡ ನಮ್ಮತ್ತೆ ಮೊದಲ ದಿನ, “ಇದ್ಯಾವ ವ್ರತನಮ್ಮ?” ಎಂದು ಕೇಳಿದರು. ಹದಿನೈದು ದಿನ ಕಳೆದ ಮೇಲೆ ಅವರೇ “ದಾರ ಹಿಡ್ಕೊಂಡಾಯ್ತಾ?” ಎಂದು ನೆನಪಿಸತೊಡಗಿದರು.

ಮೊದಲ ಮೂರು ವಾರ ನನ್ನ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಇದನ್ನು ಯಾರಾದರೂ ಮೊದಲೇ ಒತ್ತಿ ಹೇಳಿದ್ದರೆ ಚೆನ್ನಾಗಿತ್ತು. ಅಭ್ಯಾಸದ ಬಳಿಕ ಹೊಟ್ಟೆ ತೊಳಸುವುದು, ಸಂಜೆ ಕಣ್ಣಗುಡ್ಡೆಯ ಹಿಂದೆ ಎಳೆತ, ಇದುವರೆಗೆ ಗಮನಕ್ಕೆ ಬಾರದೆ ಹೋಗುತ್ತಿದ್ದ ಜೋಡಿ ಸಾಲುಗಳು ಈಗ ಎದ್ದು ಕಾಣುವುದು. ಮಿದುಳು ಅದುಮಿಡುವುದನ್ನು ಬಿಟ್ಟಾಗ ಹೀಗಾಗುವುದು ಸಹಜ ಎಂದರು. ಅಭ್ಯಾಸವನ್ನು ಹತ್ತು ಹತ್ತು ನಿಮಿಷವಾಗಿ ಒಡೆದು, ಊಟದ ಮುಂಚೆ ಮಾಡತೊಡಗಿದ ಮೇಲೆ ತಡೆದುಕೊಳ್ಳುವಂತಾಯಿತು. ಚಿಕಿತ್ಸೆಯ ದಿನ ಬೆಂಗಳೂರಿನಿಂದ ಹಿಂದಿರುಗುವಾಗ ರೈಲಿನಲ್ಲಿ ಏನನ್ನೂ ಓದದಿರುವುದನ್ನೂ, ಮರುದಿನ ಕರಡು ಹಿಡಿಯದಿರುವುದನ್ನೂ ನಿಯಮ ಮಾಡಿಕೊಂಡೆ. ಪುಟದ ಲೆಕ್ಕದಲ್ಲಿ ದುಡಿಯುವ ನನಗೆ ಇದರಿಂದ ವಾರಕ್ಕೆ ಎರಡು ದಿನದ ಸಂಪಾದನೆ ಹೋಯಿತು. ಯಾವ ಬಿಲ್ಲಿನಲ್ಲೂ ಕಾಣದ ಖರ್ಚು ಇದು.

ಕ್ಲಿನಿಕ್ಕಿನಲ್ಲಿ ಮಾಡಿಸುತ್ತಿದ್ದವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕೆಂಪು ಹಸಿರು ಚಿತ್ರಗಳ ಎರಡು ಪಾರದರ್ಶಕ ಹಾಳೆಗಳು. ಕೆಂಪು ಹಸಿರು ಕನ್ನಡಕ ಹಾಕಿಕೊಂಡಾಗ ಒಂದೊಂದು ಕಣ್ಣಿಗೆ ಒಂದೊಂದು ಹಾಳೆ ಮಾತ್ರ ಕಾಣುತ್ತದೆ. ಎರಡನ್ನೂ ಬೆಸೆದು ಒಂದು ಚಿತ್ರವಾಗಿಸಿಕೊಂಡ ಮೇಲೆ ಹಾಳೆಗಳನ್ನು ನಿಧಾನವಾಗಿ ಬೇರ್ಪಡಿಸುತ್ತಾ ಹೋಗುತ್ತಾರೆ. ಕಣ್ಣುಗಳು ಪಟ್ಟುಬಿಡದೆ ಒಳಕ್ಕೆ ಕೂಡಿದಂತೆಲ್ಲ ಚಿತ್ರ ಚಿಕ್ಕದಾಗಿ, ಕಾಗದದಿಂದ ಎದ್ದು ಮೂಗಿನ ಹತ್ತಿರ ಬಂದಂತೆ ತೋರುತ್ತದೆ. ಏಳನೇ ವಾರದಲ್ಲಿ ಮೊದಲ ಬಾರಿಗೆ ಆ ಚಿತ್ರ ಹಾಗೆ ತೇಲಿ ಬಂದಾಗ ನಾನು ಕೈ ಚಾಚಿದೆ. “ಬಂತಲ್ಲಾ ಮೇಡಂ!” ಎಂದು ಆಪ್ಟೊಮೆಟ್ರಿಸ್ಟ್ ನನಗಿಂತ ಹೆಚ್ಚು ಖುಷಿಪಟ್ಟರು.

ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ನೋಟ ಹಾಯಿಸಲು ಗೋಡೆಗೊಂದು, ಕೈಯಲ್ಲೊಂದು ಅಕ್ಷರಗಳ ಪಟ್ಟಿ ಕೊಟ್ಟಿದ್ದರು. ಅದರಲ್ಲಿದ್ದವು ಇಂಗ್ಲಿಷ್‌ನ ದೊಡ್ಡ ಅಕ್ಷರಗಳು. ಎರಡು ವಾರದಲ್ಲಿ ನನಗೆ ಬಾಯಿಪಾಠವಾಗಿ, ಕಣ್ಣು ಸೋಮಾರಿಯಾದರೂ ನಾಲಿಗೆ ಓದಿಬಿಡುತ್ತಿತ್ತು. ಆಗ ನಾನೇ ಸಾಲಿಗೆ ಹತ್ತರಂತೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸಿದೆ: ಷ್ಟ್ರ, ಕ್ಷ್ಮ, ತ್ಸ್ಯ, ರ್ಥ, ಸ್ತ್ರ. ಒತ್ತು ಒಂದಾಗಿ ಕಾಣದಿದ್ದರೆ ಅಕ್ಷರ ತಿಳಿಯುವುದೇ ಇಲ್ಲವಾದ್ದರಿಂದ ಮೋಸಕ್ಕೆ ಅವಕಾಶವಿರಲಿಲ್ಲ. ಮಗಳು ಪ್ರತಿ ಭಾನುವಾರ ಹೊಸ ಪಟ್ಟಿ ಮುದ್ರಿಸಿ ಕೊಟ್ಟಳು. ಆಪ್ಟೊಮೆಟ್ರಿಸ್ಟ್ ಅದರ ಒಂದು ಪ್ರತಿಯನ್ನು ಕೇಳಿ ಇಟ್ಟುಕೊಂಡರು.

ಏಪ್ರಿಲ್‌ನಲ್ಲಿ ಒಂದು ಅಭಿನಂದನ ಗ್ರಂಥದ ಕೆಲಸ ಬಂತು. ಆರುನೂರು ಪುಟ, ಬಿಡುಗಡೆಯ ದಿನ ಗೊತ್ತಾಗಿಬಿಟ್ಟಿತ್ತು. ಹನ್ನೊಂದು ದಿನ ಮನೆಯ ಅಭ್ಯಾಸ ಬಿಟ್ಟೆ, ಒಂದು ಸೆಷನ್ನನ್ನೂ ತಪ್ಪಿಸಿದೆ. ಮುಂದಿನ ಸಲ ಹೋದಾಗ ಪ್ರಿಸಂ ಪಟ್ಟಿಯನ್ನು ಮೂರು ಸಲ ಇಳಿಸಿ ನೋಡಿದ ಆಕೆ ಬೈಯಲಿಲ್ಲ. “ಮನೇಲಿ ಮಾಡಿಲ್ಲ ಅಲ್ವಾ ಮೇಡಂ?” ಎಂದಷ್ಟೇ ಕೇಳಿದರು. ಒಳಕ್ಕೆ ಕೂಡುವ ಶಕ್ತಿ 22ಕ್ಕೆ ಏರಿದ್ದು 16ಕ್ಕೆ ಇಳಿದಿತ್ತು. ಕ್ಲಿನಿಕ್ಕಿನ ಮುಕ್ಕಾಲು ಗಂಟೆಯಿಂದಲೇ ಎಲ್ಲವೂ ಆಗುತ್ತದೆ ಎಂದು ಹಣ ಕೊಡುವವರು ಈ ಆರು ಅಂಕಗಳನ್ನು ನೆನಪಿಡಬೇಕು. ಆ ಬಳಿಕ ಒಂದು ಹಳೆಯ ಡೈರಿಯಲ್ಲಿ ದಿನಾಂಕ, ನಿಮಿಷ, ತಲೆನೋವು ಬಂತೋ ಇಲ್ಲವೋ ಎಂದು ಬರೆಯತೊಡಗಿದೆ. ಅದರಿಂದ ಒಂದು ಪ್ರಯೋಜನವೂ ಆಯಿತು: ಗುಣ ಎಂಬುದು ಒಂದು ದಿನ ಬರಲಿಲ್ಲ, ಆದರೆ ಮೇ ಮೂರನೇ ವಾರದ ಪುಟಗಳಲ್ಲಿ ತಲೆನೋವು ಎಂಬ ಪದ ಎರಡೇ ಕಡೆ ಇತ್ತು.

ಹದಿನಾರು ಸೆಷನ್ನುಗಳು ಜೂನ್ ಕೊನೆಗೆ ಮುಗಿದವು. ಶುಲ್ಕ 14,400, ಪರೀಕ್ಷೆ, ಸಾಮಗ್ರಿ, ರೈಲು, ಆಟೊ, ಊಟ ಸೇರಿ ಒಟ್ಟು ಸುಮಾರು 28,000 ರೂಪಾಯಿ. ಅದಕ್ಕೂ ಮೊದಲು ಅಲೆದಾಟಕ್ಕೆ ಹೋದದ್ದು ಹೆಚ್ಚುಕಡಿಮೆ 15,000. ಮೈಸೂರಿನಲ್ಲಿಯೇ ಈ ಸೌಲಭ್ಯ ಸಿಕ್ಕಿದ್ದರೆ ಮೂರನೇ ಒಂದು ಭಾಗ ಉಳಿಯುತ್ತಿತ್ತು. ದೂರದ ಊರಿನವರು, ಹದಿನೈದು ದಿನಕ್ಕೊಮ್ಮೆ ಬಂದು ನಡುವಿನ ವಾರ ವಿಡಿಯೊ ಕರೆಯಲ್ಲಿ ಅಭ್ಯಾಸ ತೋರಿಸಬಹುದೇ ಎಂದು ಕೇಳಿ. ನಾನು ಕೊನೆಯ ನಾಲ್ಕನ್ನು ಹಾಗೆಯೇ ಮುಗಿಸಿದೆ.

ಕಳೆದ ವಾರದ ಮರುತಪಾಸಣೆಯ ಹಾಳೆ ನನ್ನ ಮುಂದಿದೆ. ಎರಡಾಗುವ ಬಿಂದು 19ರಿಂದ 6 ಸೆಂಟಿಮೀಟರಿಗೆ ಬಂದಿದೆ. ಒಳಕ್ಕೆ ಕೂಡುವ ಶಕ್ತಿ 11ರಿಂದ 30ಕ್ಕೆ ಏರಿದೆ. ಪ್ರಶ್ನಾವಳಿಯ ಅಂಕ 36ರಿಂದ 14ಕ್ಕೆ ಇಳಿದಿದೆ. ಆದರೆ ಕಣ್ಣು ಹೊರಕ್ಕೆ ಜರುಗುವ ಪ್ರಮಾಣ 12 ಇದ್ದದ್ದು ಈಗಲೂ 10. ಆಕೆಯ ಮಾತಿನಲ್ಲಿ ಹೇಳುವುದಾದರೆ ಸಾಲ ತೀರಿಲ್ಲ, ಸಂಪಾದನೆ ಹೆಚ್ಚಿದೆ. ಸತತ ಎರಡು ಗಂಟೆ ಕರಡು ನೋಡಬಲ್ಲೆ. ಹಿಂದೆ ಇಪ್ಪತ್ತು ನಿಮಿಷವೂ ಕಷ್ಟವಾಗಿತ್ತು. ಜ್ವರ ಬಂದಾಗ, ನಿದ್ದೆಗೆಟ್ಟಾಗ ರಾತ್ರಿಯ ಹೊತ್ತು ಸಾಲು ಒಮ್ಮೊಮ್ಮೆ ಈಗಲೂ ಜರುಗುತ್ತದೆ. ಒಣಕಣ್ಣಿನ ಹನಿ ಬಿಟ್ಟಿಲ್ಲ. ನೀಲಿ ಕನ್ನಡಕವನ್ನು ಬಿಟ್ಟಿದ್ದೇನೆ.

ಇನ್ನು ಆರು ತಿಂಗಳು ವಾರಕ್ಕೆರಡು ಸಲ ದಾರದ ಅಭ್ಯಾಸ ಮುಂದುವರಿಸಬೇಕು. ನಲವತ್ತು ದಾಟಿದ ಮೇಲೆ ಎಲ್ಲರಂತೆ ನನಗೂ ಓದುವ ಕನ್ನಡಕ ಬರುತ್ತದೆ. ಹತ್ತಿರ ನೋಡಲು ಕಣ್ಣು ಸ್ವತಃ ಪಡುವ ಶ್ರಮದ ಜೊತೆಗೇ ಕಣ್ಣುಗಳು ಒಂದಿಷ್ಟು ತಾವಾಗಿ ಒಳಕ್ಕೆ ಕೂಡುತ್ತವೆ. ಆ ಶ್ರಮವನ್ನು ಕನ್ನಡಕ ವಹಿಸಿಕೊಂಡರೆ ಈ ಪುಕ್ಕಟೆ ನೆರವು ಕಡಿಮೆಯಾಗಿ, ಹೊರಕ್ಕೆ ಜರುಗುವುದು ಹೆಚ್ಚಾಗಬಹುದು. ಆದ್ದರಿಂದ ಮುಂದೆ ಕನ್ನಡಕ ಮಾಡಿಸುವಾಗ ಅಂಗಡಿಯ ಯಂತ್ರವನ್ನಷ್ಟೇ ನೆಚ್ಚಿಕೊಳ್ಳದೆ ಈ ಹಾಳೆಯನ್ನು ಜೊತೆಗೆ ಒಯ್ಯಲು ಹೇಳಿದ್ದಾರೆ. ಅದರ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಕಡತದಲ್ಲಿಯೂ ಇನ್ನೊಂದನ್ನು ಪರ್ಸಿನಲ್ಲಿಯೂ ಇಟ್ಟುಕೊಂಡಿದ್ದೇನೆ. ದಾರ ಕಿಟಕಿಯ ಸರಳಿನಲ್ಲೇ ಇದೆ.